ಬ್ರೇಕ್ ಬ್ಲೀಡ್ ಮಾಡಿದ ಮೇಲೆ ಡ್ಯಾಶ್‌ಬೋರ್ಡ್ ಲೈಟ್ ಉರಿಯುತ್ತಿದೆಯಾ? ಮೊದಲು ನಿಮ್ಮ ಕೈ ಹೋದ ದಾರಿ ನೋಡಿ

ಕುವೆಂಪುನಗರದ ನಮ್ಮ ಮನೆಯ ಪೋರ್ಟಿಕೋದಲ್ಲಿ ಒಂದು ಭಾನುವಾರ ಬೆಳಗ್ಗೆ ಶುರು ಮಾಡಿದ ಬ್ರೇಕ್ ಬ್ಲೀಡ್, ಅಂದರೆ ಪೈಪಿನಿಂದ ಹಳೇ ಆಯಿಲ್, ಏರ್ ತೆಗೆಯುವ ಕೆಲಸ, ಊಟದ ಹೊತ್ತಿಗೆ ಮುಗಿದಿತ್ತು. ನಾಲ್ಕೂ ಚಕ್ರದಿಂದ ಹಳೇ ಬ್ರೇಕ್ ಆಯಿಲ್ ಹೊರಗೆ ಬಂದಿತ್ತು. ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು ಅದು. ಹೊಸ ಆಯಿಲ್ ತುಂಬಿ, ಏರ್ ತೆಗೆದು, ಚಕ್ರ ಹಾಕಿ, ಜಾಕ್ ಇಳಿಸಿ ಕೀ ತಿರುಗಿಸಿದೆ. ಮೀಟರಿನಲ್ಲಿ ಕೆಂಪು ಬ್ರೇಕ್ ಲೈಟ್, ಹಳದಿ ಎಬಿಎಸ್ ಲೈಟ್, ಪಕ್ಕದಲ್ಲೇ ಜಾರುತ್ತಿರುವ ಕಾರಿನ ಚಿತ್ರ. ಮೂರೂ ಆರಲೇ ಇಲ್ಲ.

ಫೋನಿನಲ್ಲಿ ಕೇಳಿದಾಗ ಒಂದು ಗ್ಯಾರೇಜಿನವರು ಕಾರನ್ನು ನೋಡದೆಯೇ 'ಎಬಿಎಸ್ ಯೂನಿಟ್ ಹೋಗಿದೆ, ಬದಲಾಯಿಸಬೇಕು' ಅಂದರು. ಎರಡು ದಿನ ಸರಿಯಾಗಿ ನಿದ್ದೆ ಬರಲಿಲ್ಲ. ಮೂರನೇ ದಿನ ಸಂಜೆ ಟಾರ್ಚ್ ಹಿಡಿದು ನಾನು ಕೈಯಿಟ್ಟ ಪ್ರತಿ ಜಾಗವನ್ನೂ ಮತ್ತೆ ನೋಡಿದೆ. ಬ್ರೇಕ್ ಆಯಿಲ್ ಡಬ್ಬಿಯ ಸೆನ್ಸರ್ ಪ್ಲಗ್ ಅರ್ಧ ಮಾತ್ರ ಕೂತಿತ್ತು. ಮುಂದಿನ ಎಡ ಚಕ್ರದ ಸೆನ್ಸರ್ ವೈರ್ ತನ್ನ ಕ್ಲಿಪ್ಪಿನಿಂದ ಹೊರಗೆ ಬಂದು, ಅದರ ಪ್ಲಗ್ಗೂ ಸಡಿಲವಾಗಿತ್ತು. ಎರಡನ್ನೂ ಒತ್ತಿ ಕೂರಿಸಿದೆ. ಕೆಂಪು ಲೈಟ್ ಅಲ್ಲೇ ಆರಿತು. ಸ್ವಲ್ಪ ದೂರ ಓಡಿಸಿದ ಮೇಲೆ ಉಳಿದ ಎರಡೂ ಆರಿದವು. ಒಂದು ರೂಪಾಯಿಯ ಪಾರ್ಟ್ ಕೂಡ ಬೇಕಾಗಲಿಲ್ಲ.

ಅದಕ್ಕೇ ಈ ಲೇಖನ. ಬ್ಲೀಡ್ ಮಾಡುವ ಮುಂಚೆ ಇಲ್ಲದ ಲೈಟ್ ಆಮೇಲೆ ಬಂದಿದೆ ಅಂದರೆ, ಕಾರಣ ಬಹುಪಾಲು ನೀವು ಮುಟ್ಟಿದ ಜಾಗದಲ್ಲೇ ಇರುತ್ತದೆ. ಪಾರ್ಟ್ ತರಿಸುವ ಮುಂಚೆ ಆ ದಾರಿಯಲ್ಲೇ ಒಂದೊಂದು ಹೆಜ್ಜೆ ವಾಪಸ್ ಹೋಗಿ.

ಹೆಜ್ಜೆ 1: ಯಾವ ಲೈಟ್, ಯಾವ ಬಣ್ಣ?

ಕಾರನ್ನು ಕದಲಿಸಬೇಡಿ. ಮೊದಲು ಫೋನಿನಲ್ಲಿ ಮೀಟರಿನ ಎರಡು ಫೋಟೋ ತೆಗೆದುಕೊಳ್ಳಿ. ಕೀ ಆನ್ ಮಾಡಿದ ತಕ್ಷಣ ಒಂದು, ಎಂಜಿನ್ ಸ್ಟಾರ್ಟ್ ಆಗಿ ಹತ್ತು ಸೆಕೆಂಡ್ ಕಳೆದ ಮೇಲೆ ಇನ್ನೊಂದು. ಕೀ ಆನ್ ಮಾಡಿದಾಗ ಎಲ್ಲ ಲೈಟೂ ಒಮ್ಮೆ ಉರಿದು ಆರುವುದು ಸಹಜ. ಎಂಜಿನ್ ಸ್ಟಾರ್ಟ್ ಆದ ಮೇಲೂ ಉಳಿದ ಲೈಟ್ ಮಾತ್ರ ನಮ್ಮ ಚಿಂತೆ.

ಕೆಂಪು ವೃತ್ತದೊಳಗೆ ಆಶ್ಚರ್ಯಸೂಚಕ ಚಿಹ್ನೆ ಇದ್ದರೆ ಅದು ಮುಖ್ಯ ಬ್ರೇಕಿನ ಲೈಟ್. ಹ್ಯಾಂಡ್ ಬ್ರೇಕ್ ಹಾಕಿದ್ದರೂ ಉರಿಯುತ್ತದೆ, ಆಯಿಲ್ ಮಟ್ಟ ಇಳಿದರೂ ಉರಿಯುತ್ತದೆ. ಹಳದಿ ವೃತ್ತದೊಳಗೆ ಎಬಿಎಸ್ ಅಕ್ಷರ ಇದ್ದರೆ, ಸಾಮಾನ್ಯ ಬ್ರೇಕ್ ಕೆಲಸ ಮಾಡುತ್ತದೆ, ಆದರೆ ಜೋರಾಗಿ ತುಳಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ ಇಲ್ಲ ಅಂತ ಅರ್ಥ. ಹಳದಿ ವೃತ್ತದ ಎರಡೂ ಪಕ್ಕ ಬಿಟ್ಟು ಬಿಟ್ಟು ಎಳೆದ ಗೆರೆ ಇದ್ದರೆ ಅದು ಪ್ಯಾಡ್ ಸವೆದಿದೆ ಅನ್ನುವ ಲೈಟ್. ಜಾರುವ ಕಾರಿನ ಚಿತ್ರ ಇಎಸ್‌ಪಿಯದು, ಅಂದರೆ ಕಾರು ಪಕ್ಕಕ್ಕೆ ಜಾರದಂತೆ ತಡೆಯುವ ವ್ಯವಸ್ಥೆಯದು. ಕುದುರೆ ಲಾಳದ ಆಕಾರದೊಳಗೆ ಆಶ್ಚರ್ಯಸೂಚಕ ಇದ್ದರೆ ಅದು ಟೈರಿನ ಗಾಳಿಯ ಲೈಟ್. ಇದನ್ನೇ ಬ್ರೇಕ್ ಲೈಟ್ ಅಂದುಕೊಂಡು ಗಾಬರಿಯಾಗುವವರು ಇದ್ದಾರೆ.

ಇಲ್ಲಿ ಒಂದು ವಿಷಯ ನಿಧಾನವಾಗಿ ಓದಿ. ಕೆಂಪು ಬ್ರೇಕ್ ಲೈಟ್ ಮತ್ತು ಹಳದಿ ಎಬಿಎಸ್ ಲೈಟ್ ಎರಡೂ ಒಟ್ಟಿಗೆ ಉರಿಯುತ್ತಿದ್ದರೆ, ಅದು ಬರೀ ಎಬಿಎಸ್ ಲೈಟಿಗಿಂತ ಜಾಸ್ತಿ ಗಂಭೀರ. ಹಳೇ ಕಾರುಗಳಲ್ಲಿ ಹಿಂದಿನ ಚಕ್ರಕ್ಕೆ ಹೋಗುವ ಒತ್ತಡವನ್ನು ಕಡಿಮೆ ಮಾಡಲು ಒಂದು ವಾಲ್ವ್ ಇರುತ್ತಿತ್ತು. ಈಗಿನ ಬಹುತೇಕ ಕಾರುಗಳಲ್ಲಿ ಆ ಕೆಲಸವನ್ನು ಎಬಿಎಸ್ ಯೂನಿಟ್ಟೇ ಮಾಡುತ್ತದೆ. ಅದಕ್ಕೆ ಇಬಿಡಿ ಅನ್ನುತ್ತಾರೆ. ಎರಡೂ ಲೈಟ್ ಉರಿದರೆ ಇಬಿಡಿಯೂ ನಿಂತಿರಬಹುದು. ಆಗ ಜೋರಾಗಿ ಬ್ರೇಕ್ ತುಳಿದರೆ ಹಿಂದಿನ ಚಕ್ರಗಳು ಮುಂಚೆ ಲಾಕ್ ಆಗಿ ಕಾರಿನ ಹಿಂಭಾಗ ತಿರುಗಿಬಿಡಬಹುದು. ಹಾಗಾಗಿ ಕೆಂಪು ಲೈಟ್ ಇರುವಾಗ 'ಗ್ಯಾರೇಜ್‌ವರೆಗೆ ನಿಧಾನವಾಗಿ ಹೋಗೋಣ' ಅನ್ನಬೇಡಿ. ಮೆಕ್ಯಾನಿಕ್ಕನ್ನು ಮನೆಗೆ ಕರೆಸಿ, ಇಲ್ಲವೇ ಕಾರನ್ನು ಫ್ಲ್ಯಾಟ್‌ಬೆಡ್ ಮೇಲೆ ಕಳಿಸಿ.

ಇನ್ನೊಂದು ಧೈರ್ಯದ ಮಾತು. ನಾಲ್ಕು ಲೈಟ್ ಉರಿದರೆ ನಾಲ್ಕು ಕಡೆ ಕೆಟ್ಟಿದೆ ಅಂತಲ್ಲ. ಕೆಟ್ಟಿರುವುದು ಒಂದು ಚಕ್ರದ ವೇಗ ಹೇಳುವ ಸೆನ್ಸರ್ ಮಾತ್ರ ಇರಬಹುದು, ಆದರೆ ಅದರ ಮಾತನ್ನು ಎಬಿಎಸ್, ಇಎಸ್‌ಪಿ, ಏರಿನಲ್ಲಿ ಕಾರು ಹಿಂದೆ ಜಾರದಂತೆ ಹಿಡಿಯುವ ಹಿಲ್ ಹೋಲ್ಡ್ ಎಲ್ಲವೂ ಕೇಳುತ್ತವೆ. ಕೆಲವು ಕಾರುಗಳಲ್ಲಿ ಟೈರ್ ಗಾಳಿಯ ಲೆಕ್ಕವೂ ಅದರಿಂದಲೇ. ಒಂದು ವೈರ್ ಕಿತ್ತರೆ ಇಡೀ ಮೀಟರ್ ದೀಪಾವಳಿಯಂತೆ ಬೆಳಗುತ್ತದೆ.

ಹೆಜ್ಜೆ 2: ಲೈಟಿಗಿಂತ ಮುಂಚೆ ಪೆಡಲ್

ಲೈಟ್ ಆರಿಸುವ ಅವಸರದಲ್ಲಿ ಎಲ್ಲರೂ ಮರೆಯುವುದು ಇದನ್ನೇ. ಪೈಪಿನಲ್ಲಿ ಏರ್ ಉಳಿದರೆ ಅದಕ್ಕಾಗಿ ಲೈಟ್ ಬರಲೇಬೇಕು ಅಂತೇನಿಲ್ಲ. ಲೈಟ್ ಆರಿರುವ ಕಾರಿನಲ್ಲೂ ಬ್ರೇಕ್ ಕೆಟ್ಟಿರಬಹುದು. ಆದ್ದರಿಂದ ಕಾಲಿನ ತೀರ್ಪು ಮೊದಲು, ಕಣ್ಣಿನದು ಆಮೇಲೆ.

ಎಂಜಿನ್ ಆಫ್ ಇರಲಿ. ಪೆಡಲನ್ನು ನಾಲ್ಕೈದು ಸಲ ತುಳಿಯಿರಿ. ಪೆಡಲ್ ಹಗುರ ಮಾಡುವ ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮ್ ಖಾಲಿಯಾಗಿ ಪೆಡಲ್ ಗಟ್ಟಿಯಾಗುತ್ತದೆ. ಈಗ ಒಂದೇ ಸಮ ಒತ್ತಿ ಹಿಡಿದು 30 ಸೆಕೆಂಡ್ ಎಣಿಸಿ. ಪೆಡಲ್ ನಿಂತಲ್ಲೇ ನಿಲ್ಲಬೇಕು. ನಿಧಾನವಾಗಿ ಕೆಳಗೆ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ (ಪೆಡಲ್ ತುಳಿದಾಗ ಆಯಿಲನ್ನು ಪೈಪಿಗೆ ತಳ್ಳುವ ಭಾಗ) ಒಳಗಿನ ಸೀಲ್ ಒತ್ತಡ ಹಿಡಿಯುತ್ತಿಲ್ಲ. ಸ್ಪಂಜ್ ಒತ್ತಿದ ಹಾಗಿದ್ದರೆ ಏರ್ ಇದೆ. ಕಾಲು ಒತ್ತಿ ಹಿಡಿದೇ ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಹೋಗಿ ನಿಂತರೆ ಬೂಸ್ಟರ್ ಸರಿ ಇದೆ.

ಆಮೇಲೆ ನಾಲ್ಕೂ ಚಕ್ರದ ಒಳಬದಿಗೆ ಟಾರ್ಚ್ ಬಿಡಿ. ಪ್ರತಿ ಕ್ಯಾಲಿಪರಿನ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಕೆಳಗೆ ಹಳೇ ನ್ಯೂಸ್ ಪೇಪರ್ ಹಾಸಿ, ಇನ್ನೊಬ್ಬರಿಂದ ಪೆಡಲ್ ಒತ್ತಿಸಿ. ಕಾಗದದ ಮೇಲೆ ಒಂದು ಹನಿ ಬಿದ್ದರೂ ಕಾಣುತ್ತದೆ. ಸ್ಪೋರ್ಟ್ಸ್ ಕಾರುಗಳ ದೊಡ್ಡ ಕ್ಯಾಲಿಪರಿನಲ್ಲಿ ಎರಡೆರಡು ನಿಪ್ಪಲ್ (ಆಯಿಲ್, ಏರ್ ಹೊರಗೆ ಬಿಡುವ ಸಣ್ಣ ಸ್ಕ್ರೂ) ಇರುವುದು ಸಾಮಾನ್ಯ. ಒಂದು ಹೊರಬದಿಗೆ, ಒಂದು ಒಳಬದಿಗೆ. ಒಳಗಿನದನ್ನು ಬಿಗಿ ಮಾಡಲು ಮರೆತಿರಬಹುದು, ಅಥವಾ ಅದನ್ನು ಬ್ಲೀಡ್ ಮಾಡುವುದನ್ನೇ ಬಿಟ್ಟಿರಬಹುದು. ಈ ಹೆಜ್ಜೆಯಲ್ಲಿ ಏನಾದರೂ ತಪ್ಪು ಕಂಡರೆ ಲೈಟಿನ ವಿಷಯ ಪಕ್ಕಕ್ಕಿಡಿ. ಬ್ಲೀಡ್ ಮತ್ತೆ ಮಾಡಿ.

ಹೆಜ್ಜೆ 3: ಆಯಿಲ್ ಡಬ್ಬಿ ಮತ್ತು ಅದರ ಪ್ಲಗ್

ಕೆಂಪು ಲೈಟಿಗೆ ಮೊದಲು ನೋಡಬೇಕಾದ ಜಾಗ ಇದು. ಎಂಜಿನ್ ಹಿಂದೆ ಅಥವಾ ನಡುವೆ ಇರುವ ಕಾರಾದರೆ ಡಬ್ಬಿಯನ್ನು ಮುಂದಿನ ಡಿಕ್ಕಿಯಲ್ಲಿ ಹುಡುಕಿ. ಗಾಜಿನ ಬುಡದಲ್ಲಿ ಒಂದು ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ಇರಬಹುದು.

ಡಬ್ಬಿಯ ಒಳಗೆ ತೇಲುವ ಒಂದು ಸಣ್ಣ ಬಿಲ್ಲೆ, ಅದರಲ್ಲಿ ಮ್ಯಾಗ್ನೆಟ್, ಅದರ ಹತ್ತಿರ ಒಂದು ಸ್ವಿಚ್. ಆಯಿಲ್ ಇಳಿದರೆ ಬಿಲ್ಲೆ ಇಳಿಯುತ್ತದೆ, ಲೈಟ್ ಬರುತ್ತದೆ. ಬಹಳ ಕಾರುಗಳಲ್ಲಿ ಇಷ್ಟೇ. ಹಾಗಾಗಿ ಲೈಟಿಗೆ ಕಾರಣವೂ ಸರಳ. ಮಟ್ಟ ಮಿನ್ ಗೆರೆಗಿಂತ ಕೆಳಗಿರಬಹುದು. ಬಿಲ್ಲೆ ಒಂದು ಕಡೆ ಅಂಟಿಕೊಂಡಿರಬಹುದು. ಡಬ್ಬಿಯ ಪಕ್ಕಕ್ಕೆ ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಿ. ಮುಚ್ಚಳದಲ್ಲೇ ಸೆನ್ಸರ್ ಇದ್ದರೆ, ಮುಚ್ಚಳ ತಿರುಗಿಸುವಾಗ ವೈರ್ ಸುತ್ತಿಕೊಂಡು ಪ್ಲಗ್ ಎಳೆದುಕೊಂಡಿರಬಹುದು. ಪ್ಲಗ್ಗನ್ನು ತೆಗೆದು, ಒಳಗೆ ಆಯಿಲ್ ಹೋಗಿದೆಯಾ ನೋಡಿ, ಒಣ ಬಟ್ಟೆಯಲ್ಲಿ ಒರೆಸಿ, 'ಟಕ್' ಅನ್ನುವವರೆಗೆ ಒತ್ತಿ. ಆ ಸದ್ದು ಕೇಳದೆ ಬಿಡಬೇಡಿ.

ಕಾರು ಎಲ್ಲಿ ನಿಂತಿದೆ ಅನ್ನುವುದೂ ಮುಖ್ಯ. ಮುಂದಿನ ಎರಡು ಚಕ್ರ ಮಾತ್ರ ಸ್ಟ್ಯಾಂಡ್ ಮೇಲಿದ್ದರೆ, ಅಥವಾ ಇಳಿಜಾರಿನ ರ‍್ಯಾಂಪಿನಲ್ಲಿ ನಿಂತಿದ್ದರೆ, ಆಯಿಲ್ ಒಂದು ಕಡೆ ವಾಲಿ ಬಿಲ್ಲೆಗೆ ಸುಳ್ಳು ಮಟ್ಟ ತೋರಿಸುತ್ತದೆ. ಸಮತಟ್ಟಾದ ನೆಲಕ್ಕೆ ಇಳಿಸಿ ಮತ್ತೆ ನೋಡಿ. ಹ್ಯಾಂಡ್ ಬ್ರೇಕ್ ಲಿವರ್ ಪೂರ್ತಿ ಇಳಿದಿದೆಯಾ ಅಂತಲೂ ನೋಡಿ. ಒಂದು ಹಲ್ಲು ಮೇಲೆ ಇದ್ದರೂ ಅದೇ ಕೆಂಪು ಲೈಟ್ ಉರಿಯುತ್ತದೆ. ಬಟನ್ ಒತ್ತುವ ಎಲೆಕ್ಟ್ರಿಕ್ ಹ್ಯಾಂಡ್ ಬ್ರೇಕ್ ಇರುವ ಕಾರಿನಲ್ಲಿ ಹಿಂದಿನ ಪ್ಯಾಡನ್ನೂ ಬದಲಾಯಿಸಿದ್ದರೆ, ಪ್ಯಾಡ್ ಬದಲಿಸಲು ಹಾಕಿದ ಸರ್ವಿಸ್ ಮೋಡಿನಿಂದ ಹೊರಗೆ ಬಂದಿಲ್ಲ ಅಂತ ಲೈಟ್ ಮಿನುಗಬಹುದು.

ಮಟ್ಟ ಜಾಸ್ತಿ ಆದರೂ ತೊಂದರೆಯೇ. ಹಳೇ ಪ್ಯಾಡ್ ಇರುವಾಗ ಮ್ಯಾಕ್ಸ್ ಗೆರೆವರೆಗೆ ತುಂಬಿಸಿ, ಆಮೇಲೆ ಹೊಸ ಪ್ಯಾಡ್ ಹಾಕಲು ಪಿಸ್ಟನ್ ಹಿಂದಕ್ಕೆ ಒತ್ತಿದರೆ ಆಯಿಲ್ ಉಕ್ಕಿ ಪ್ಲಗ್ಗಿಗೂ ಪೇಂಟಿಗೂ ಹರಿಯುತ್ತದೆ. ಬ್ರೇಕ್ ಆಯಿಲ್ ಪೇಂಟನ್ನು ತಿನ್ನುತ್ತದೆ. ಬಿದ್ದರೆ ಒರೆಸಬೇಡಿ, ತಕ್ಷಣ ಜಾಸ್ತಿ ನೀರು ಹಾಕಿ ತೊಳೆಯಿರಿ.

ಗೇರ್ ಕೈಯಲ್ಲಿ ಬದಲಿಸುವ ಸ್ಪೋರ್ಟ್ಸ್ ಕಾರು ಓಡಿಸುವವರಿಗೆ ಒಂದು ಮಾತು. ಬಹಳ ಕಾರುಗಳಲ್ಲಿ ಕ್ಲಚ್ಚಿಗೂ ಇದೇ ಡಬ್ಬಿಯಿಂದ ಆಯಿಲ್ ಹೋಗುತ್ತದೆ. ಬ್ಲೀಡ್ ಮಾಡುವಾಗ ಮಟ್ಟ ತೀರಾ ಇಳಿದಿದ್ದರೆ ಕ್ಲಚ್ ಪೈಪಿಗೂ ಏರ್ ಹೋಗಿರುತ್ತದೆ. ಕ್ಲಚ್ ಪೆಡಲ್ ಸಡಿಲವಾಗಿದ್ದು ಗೇರ್ ಬೀಳುವುದು ಕಷ್ಟವಾದರೆ ಗೇರ್‌ಬಾಕ್ಸನ್ನು ಬೈಯಬೇಡಿ, ಕ್ಲಚ್ಚನ್ನೂ ಬ್ಲೀಡ್ ಮಾಡಿ.

ಆಯಿಲ್ ಯಾವುದು ಹಾಕಿದಿರಿ? ಮುಚ್ಚಳದ ಮೇಲೆ ಬರೆದಿರುತ್ತದೆ. ಡಾಟ್ 3, ಡಾಟ್ 4, ಡಾಟ್ 5.1 ಮೂರೂ ಗ್ಲೈಕಾಲ್ ಜಾತಿಯವು, ಗಾಳಿಯಲ್ಲಿನ ತೇವವನ್ನು ಹೀರುತ್ತವೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನುವುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 5.1ಕ್ಕೆ ಇದು 260 ಮತ್ತು 180. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನುವುದು ಇದಕ್ಕೇ. ಚಾಮುಂಡಿ ಬೆಟ್ಟ ಊರಿಗಿಂತ ಸುಮಾರು 300 ಮೀಟರ್ ಎತ್ತರ. ನಾಲ್ಕನೇ ಗೇರಿನಲ್ಲಿ ಬ್ರೇಕ್ ಹಿಡಿದುಕೊಂಡೇ ಇಳಿದರೆ ಹಳೇ ಆಯಿಲ್ ಕುದಿಯಲೂಬಹುದು. ಡಾಟ್ 5 ಮಾತ್ರ ಬೇರೆಯೇ. ಅದು ಸಿಲಿಕೋನ್. ಹೆಸರು ಹತ್ತಿರ ಇದೆ ಅಂತ ಅದನ್ನು ಎಬಿಎಸ್ ಇರುವ ಕಾರಿಗೆ ಹಾಕಬೇಡಿ, ಬೇರೆ ಆಯಿಲ್ ಜೊತೆ ಬೆರೆಸಲೂಬೇಡಿ. ಪವರ್ ಸ್ಟೀರಿಂಗ್ ಆಯಿಲ್ ಅಥವಾ ಎಂಜಿನ್ ಆಯಿಲ್ ತಪ್ಪಿ ಸುರಿದಿದ್ದರೆ ಪೆಡಲ್ ಮುಟ್ಟಬೇಡಿ. ರಬ್ಬರ್ ಸೀಲ್‌ಗಳು ಉಬ್ಬಿ ಹಾಳಾಗುತ್ತವೆ. ಆಗ ಮೆಕ್ಯಾನಿಕ್ಕೇ ಬರಬೇಕು.

ಹೆಜ್ಜೆ 4: ಚಕ್ರದ ಸೆನ್ಸರ್ ವೈರ್

ಎಬಿಎಸ್ ಲೈಟ್ ಇದ್ದರೆ ನನ್ನ ಮೊದಲ ಅನುಮಾನ ಇದರ ಮೇಲೆ. ಪ್ರತಿ ಚಕ್ರದ ಹಿಂದೆ, ಹಬ್ಬಿನ ಹತ್ತಿರ ಒಂದು ಸಣ್ಣ ಸೆನ್ಸರ್ ಇರುತ್ತದೆ. ಎದುರಿಗೆ ಹಲ್ಲಿನ ಅಥವಾ ಮ್ಯಾಗ್ನೆಟ್ಟಿನ ರಿಂಗ್ ತಿರುಗುತ್ತದೆ. ಆ ಹಲ್ಲುಗಳನ್ನು ಎಣಿಸಿ ಕಂಪ್ಯೂಟರ್ ಚಕ್ರದ ವೇಗ ತಿಳಿಯುತ್ತದೆ. ಸೆನ್ಸರಿನ ವೈರ್ ಬ್ರೇಕ್ ಹೋಸ್ ಪಕ್ಕದಲ್ಲೇ ಬರುತ್ತದೆ. ಕೆಲವೊಮ್ಮೆ ಎರಡಕ್ಕೂ ಒಂದೇ ಬ್ರ್ಯಾಕೆಟ್. ನಿಪ್ಪಲ್ಲಿಗೆ ಸ್ಪ್ಯಾನರ್ ಹಾಕುವಾಗ, ಪೈಪ್ ಸಿಕ್ಕಿಸುವಾಗ, ಕ್ಯಾಲಿಪರ್ ಬಿಚ್ಚಿ ನೇತುಹಾಕುವಾಗ ಆ ವೈರನ್ನು ಎಳೆಯದೆ ಇರುವುದು ಕಷ್ಟ.

ಲೈಟ್ ಯಾವಾಗ ಬರುತ್ತದೆ ಅನ್ನುವುದೇ ಇಲ್ಲಿ ದೊಡ್ಡ ಸುಳಿವು. ಕಾರು ನಿಂತಿರುವಾಗಲೇ, ಕೀ ಆನ್ ಮಾಡಿದಾಗಿನಿಂದಲೇ ಲೈಟ್ ಆರದಿದ್ದರೆ, ವೈರ್ ಕಿತ್ತಿದೆ, ಪ್ಲಗ್ ಬಿಟ್ಟಿದೆ ಅಥವಾ ಶಾರ್ಟ್ ಆಗಿದೆ ಅಂತ ಯೋಚಿಸಿ. ಮೊದಲು ಆರಿ, ಕಾರು ಕದಲಿದ ಮೇಲೆ ಹತ್ತಿಪ್ಪತ್ತು ಕಿಲೋಮೀಟರ್ ವೇಗದಲ್ಲಿ ಬಂದರೆ, ವೈರ್ ಸರಿ ಇರಬಹುದು. ಸೆನ್ಸರ್ ಮುಂದೆ ಕೊಳೆ, ಕಬ್ಬಿಣದ ಪುಡಿ, ಸರಿಯಾಗಿ ಕೂರದ ಸೆನ್ಸರ್ ಅಥವಾ ಮುರಿದ ರಿಂಗ್ ಕಾರಣವಾಗಿರಬಹುದು. ಆದರೆ ಪರೀಕ್ಷೆಗೆ ಕಾರು ಕದಲಿಸುವುದು ಪೆಡಲ್ ಗಟ್ಟಿ ಇದ್ದು, ಕೆಂಪು ಲೈಟ್ ಆರಿದ್ದರೆ ಮಾತ್ರ.

ಕೆಲಸ ಹೀಗೆ ಮಾಡಿ. ಕಾರು ಜಾಕ್ ಮೇಲಲ್ಲ, ಸ್ಟ್ಯಾಂಡ್ ಮೇಲೆ ಇರಲಿ. ಚಕ್ರ ತೆಗೆಯಿರಿ. ಸೆನ್ಸರಿನಿಂದ ಶುರು ಮಾಡಿ ವೈರನ್ನು ಬೆರಳಿನಲ್ಲಿ ಹಿಡಿದು ಅದು ಬಾಡಿಯೊಳಗೆ ಹೋಗುವವರೆಗೆ ಸವರಿ. ಪ್ರತಿ ಕ್ಲಿಪ್ಪಿನಲ್ಲೂ ಕೂತಿದೆಯಾ? ಎಲ್ಲಾದರೂ ಬಿಗಿಯಾಗಿ ಎಳೆದುಕೊಂಡಿದೆಯಾ? ಟೈರಿಗೆ ಉಜ್ಜಿದ ಗುರುತು ಇದೆಯಾ? ಮುಂದಿನ ಚಕ್ರವಾದರೆ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಇನ್ನೊಮ್ಮೆ ನೋಡಿ. ಪ್ಲಗ್ ಬಿಚ್ಚಿ, ಹಸಿರು ಪಾಚಿಯಂಥ ತುಕ್ಕು ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ ಮತ್ತೆ ಕೂರಿಸಿ. ಕೈಯಲ್ಲಿ ಮಲ್ಟಿಮೀಟರ್ ಇದ್ದರೆ ಹಳೇ ಕಾಲದ ಎರಡು ವೈರಿನ ಕಾಯಿಲ್ ಸೆನ್ಸರನ್ನು ಅಳೆಯಬಹುದು. ಸಾಮಾನ್ಯವಾಗಿ ಒಂದು ಸಾವಿರದಿಂದ ಎರಡು ಸಾವಿರ ಓಮ್ ಆಸುಪಾಸು ಇರುತ್ತದೆ. ಎಡ ಬಲ ಎರಡನ್ನೂ ಅಳೆದು ಹೋಲಿಸಿದರೆ ಇನ್ನೂ ಒಳ್ಳೆಯದು. ಈಗಿನ ಕಾರುಗಳ ಸೆನ್ಸರ್ ಒಳಗೆ ಚಿಪ್ ಇರುತ್ತದೆ. ಅದನ್ನು ಓಮ್ ಮೀಟರಿನಲ್ಲಿ ಅಳೆಯಬೇಡಿ, ಹಾಳಾಗಬಹುದು.

ನಮ್ಮ ಕಡೆಯವರಿಗೆ ಎರಡು ಎಚ್ಚರಿಕೆ ಸೇರಿಸುತ್ತೇನೆ. ಸುಗ್ಗಿ ಕಾಲದಲ್ಲಿ ಮಂಡ್ಯ, ನಾಗಮಂಗಲ, ಟಿ. ನರಸೀಪುರದ ಹಳ್ಳಿ ರಸ್ತೆಗಳಲ್ಲಿ ರಾಗಿ, ಹುರುಳಿ ಒಕ್ಕಣೆಗೆ ಹಾಸಿರುತ್ತಾರೆ. ತಗ್ಗಾದ ಕಾರು ಅದರ ಮೇಲೆ ಹೋದರೆ ಹುರುಳಿ ಬಳ್ಳಿ ಆಕ್ಸಲ್‌ಗೆ ಸುತ್ತಿಕೊಂಡು ಸೆನ್ಸರ್ ವೈರನ್ನು ಎಳೆಯುತ್ತದೆ. ಬ್ಲೀಡ್ ಮಾಡಿದ್ದರಿಂದಲೇ ಲೈಟ್ ಬಂತು ಅಂದುಕೊಂಡಿರುತ್ತೇವೆ, ಅಸಲಿಗೆ ವೈರ್ ಮೊದಲೇ ಅರ್ಧ ಹರಿದಿರುತ್ತದೆ. ಚಕ್ರ ತೆಗೆದಾಗ ಆ ಒಣ ಬಳ್ಳಿಯನ್ನೆಲ್ಲ ಕತ್ತರಿಸಿ ತೆಗೆಯಿರಿ. ಬಿಸಿ ಎಕ್ಸಾಸ್ಟಿಗೆ ತಗುಲಿದರೆ ಬೆಂಕಿಯೂ ಹತ್ತಬಹುದು. ಎರಡನೆಯದು, ಆಯುಧ ಪೂಜೆಯ ಸಮಯ. ಹಬ್ಬಕ್ಕೆ ಮುಂಚೆ ಬ್ರೇಕ್ ಕೆಲಸ ಮುಗಿಸಿ, ಅದೇ ದಿನ ಪ್ರೆಷರ್ ವಾಷರಿನಲ್ಲಿ ಚಕ್ರದೊಳಗೆ ನೀರು ಹೊಡೆಸುತ್ತೇವೆ ಅಲ್ವಾ? ಸರಿಯಾಗಿ ಕೂರದ ಪ್ಲಗ್ಗಿಗೆ ನೀರು ನುಗ್ಗಲು ಅಷ್ಟು ಸಾಕು.

ಇನ್ನೊಂದು ಕಾರಣವೂ ಇದೆ, ಅದರಲ್ಲಿ ಏನೂ ಕೆಟ್ಟಿರುವುದಿಲ್ಲ. ಎಂಜಿನ್ ಹಿಂದಿನ ಚಕ್ರಗಳನ್ನು ತಿರುಗಿಸುವ ಕಾರಿನಲ್ಲಿ, ಅವು ಗಾಳಿಯಲ್ಲಿರುವಾಗ ಎಂಜಿನ್ ಸ್ಟಾರ್ಟ್ ಮಾಡಿ ಗೇರ್ ಹಾಕಿದ್ದರೆ, ಹಿಂದಿನ ಎರಡು ಚಕ್ರ ತಿರುಗಿ ಮುಂದಿನವು ನಿಂತಿರುತ್ತವೆ. ಕಂಪ್ಯೂಟರಿಗೆ ಇದು ಅರ್ಥವಾಗದ ಲೆಕ್ಕ. ಫಾಲ್ಟ್ ಬರೆದುಕೊಂಡು ಲೈಟ್ ಹಾಕುತ್ತದೆ. ಬಹಳ ಕಾರುಗಳಲ್ಲಿ ಸ್ವಲ್ಪ ದೂರ ಓಡಿಸಿದರೆ ತಾನಾಗಿ ಆರುತ್ತದೆ. ಹೀಗೆ ಗೇರ್ ಹಾಕಿ ತಿರುಗಿಸುವುದು ಅಪಾಯ, ಬೇಡವೇ ಬೇಡ.

ಹೆಜ್ಜೆ 5: ಪ್ಯಾಡ್ ಸೆನ್ಸರ್

ಇದು ಸಣ್ಣ ವಿಷಯ. ಪ್ಯಾಡಿನೊಳಗೆ ಕೂರುವ ತೆಳು ವೈರ್ ತುಂಡಾದರೆ ಅಥವಾ ಪ್ಲಗ್ ಬಿಟ್ಟರೆ ಹಳದಿ ಲೈಟ್ ಬರುತ್ತದೆ. ಎಷ್ಟು ಚಕ್ರಕ್ಕೆ ಇದೆ ಅನ್ನುವುದು ಕಾರಿನ ಮೇಲೆ ಹೋಗುತ್ತದೆ. ಬಿಎಂಡಬ್ಲ್ಯೂ ಕಾರುಗಳಲ್ಲಿ ಸಾಮಾನ್ಯವಾಗಿ ಮುಂದಿನ ಎಡ, ಹಿಂದಿನ ಬಲ ಚಕ್ರಕ್ಕೆ ಮಾತ್ರ. ಪೋರ್ಷೆಗಳಲ್ಲಿ ನಾಲ್ಕೂ ಚಕ್ರಕ್ಕೆ ಇರುತ್ತದೆ. ಒಮ್ಮೆ ಡಿಸ್ಕಿಗೆ ಉಜ್ಜಿ ತುಂಡಾದ ಸೆನ್ಸರನ್ನು ಹೊಸದಾಗಿ ಹಾಕಲೇಬೇಕು. ಎರಡು ವೈರ್ ಸೇರಿಸಿ ಟೇಪ್ ಸುತ್ತಿ ಲೈಟ್ ಆರಿಸುವುದನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಮುಂದೆ ಪ್ಯಾಡ್ ನಿಜವಾಗಿ ಮುಗಿದಾಗ ಹೇಳುವವರು ಯಾರೂ ಇರುವುದಿಲ್ಲ.

ಹೆಜ್ಜೆ 6: ಪೆಡಲ್ ಹತ್ತಿರದ ಸ್ವಿಚ್

ಇಬ್ಬರು ಸೇರಿ ಬ್ಲೀಡ್ ಮಾಡುವಾಗ, ಒಬ್ಬರು 'ತುಳಿ' ಅಂದಾಗ ಇನ್ನೊಬ್ಬರು ಪೆಡಲನ್ನು ನೆಲದವರೆಗೆ ತುಳಿಯುತ್ತಾರೆ. ದಿನನಿತ್ಯ ಪೆಡಲ್ ಅಷ್ಟು ಕೆಳಗೆ ಹೋಗುವುದೇ ಇಲ್ಲ. ಆಗ ಎರಡು ಕಡೆ ಪೆಟ್ಟು ಬೀಳಬಹುದು. ಪೆಡಲ್ ಮೇಲ್ಭಾಗದಲ್ಲಿರುವ, ಕಾರಿನ ಹಿಂದಿನ ಬ್ರೇಕ್ ಲೈಟ್ ಹಚ್ಚುವ ಸ್ವಿಚ್ ತನ್ನ ಅಳತೆ ತಪ್ಪಬಹುದು. ಹಳೇ ಕಾರಿನ ಮಾಸ್ಟರ್ ಸಿಲಿಂಡರಿನಲ್ಲಿ, ಪಿಸ್ಟನ್ ಎಂದೂ ಹೋಗದ ಕೊನೆಯ ಭಾಗದಲ್ಲಿ ಕೊಳೆ, ತುಕ್ಕು ಕೂತಿರುತ್ತದೆ. ಅದರ ಮೇಲೆ ಉಜ್ಜಿ ಸೀಲ್ ಹರಿಯಬಹುದು. ಮುಂದಿನ ಸಲ ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟುಕೊಳ್ಳಿ. ಪೆಡಲ್ ಅಲ್ಲಿಗೇ ನಿಲ್ಲುತ್ತದೆ. ಕೆಲಸ ಮುಗಿದ ಮೇಲೆ ತುಂಡನ್ನು ಹೊರಗೆ ತೆಗೆಯುವುದನ್ನು ಮರೆಯಬೇಡಿ.

ಸ್ವಿಚ್ ಪರೀಕ್ಷೆ ಸುಲಭ. ಸಂಜೆ ಹೊತ್ತು ಕಾರಿನ ಹಿಂಭಾಗವನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ ಪೆಡಲ್ ತುಳಿದು ಬಿಡಿ. ಗೋಡೆಯ ಮೇಲೆ ಕೆಂಪು ಬೆಳಕು ಬಂದು ಹೋಗಬೇಕು. ಬರದೇ ಇದ್ದರೆ, ಅಥವಾ ಕಾಲು ತೆಗೆದ ಮೇಲೂ ಉರಿಯುತ್ತಿದ್ದರೆ ಸ್ವಿಚ್ ನೋಡಬೇಕು. ಇಎಸ್‌ಪಿ ಲೈಟಿಗೆ ಇದೂ ಒಂದು ಕಾರಣ. ಪೆಡಲ್ ಒತ್ತಿಲ್ಲ ಅಂತ ಸ್ವಿಚ್ ಹೇಳುತ್ತದೆ, ಪೈಪಿನಲ್ಲಿ ಒತ್ತಡ ಇದೆ ಅಂತ ಇನ್ನೊಂದು ಸೆನ್ಸರ್ ಹೇಳುತ್ತದೆ. ಎರಡು ಮಾತು ಕೂಡದಿದ್ದರೆ ಕಂಪ್ಯೂಟರ್ ಎರಡನ್ನೂ ನಂಬುವುದಿಲ್ಲ. ಕೀ ಆನ್ ಇಟ್ಟುಕೊಂಡು ಬ್ಲೀಡ್ ಮಾಡಿದಾಗಲೂ ಕೆಲವು ಕಾರುಗಳಲ್ಲಿ ಇಂಥ ಫಾಲ್ಟ್ ಬರುತ್ತದೆ. ಮ್ಯಾನುಯಲ್ ಬೇರೆ ಹೇಳದಿದ್ದರೆ ಕೀ ಆಫ್ ಇರಲಿ.

ಹೆಜ್ಜೆ 7: ಬ್ಯಾಟರಿ ಮತ್ತು ಸ್ಟೀರಿಂಗ್

ಮೂರು ಗಂಟೆ ಬಾಗಿಲು, ಬಾನೆಟ್ ತೆಗೆದಿದ್ದರೆ ಒಳಗಿನ ಲೈಟ್, ಕಂಪ್ಯೂಟರ್ ಎಲ್ಲ ಎಚ್ಚರವಾಗಿರುತ್ತವೆ. ವಾರಕ್ಕೊಮ್ಮೆ ಮಾತ್ರ ಹೊರಗೆ ಬರುವ ಕಾರಿನ ಬ್ಯಾಟರಿ ಮೊದಲೇ ಸೋತಿರುತ್ತದೆ. ಎಂಜಿನ್ ಆಫ್ ಇರುವಾಗ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್ ಆಗಿದೆ. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜರ್ ಹಾಕಿ, ಆಮೇಲೆ ಲೈಟಿನ ವಿಚಾರ. ವೋಲ್ಟೇಜ್ ಇಳಿದಾಗ ಎಬಿಎಸ್ ತನ್ನನ್ನು ತಾನೇ ಆಫ್ ಮಾಡಿಕೊಂಡು ಲೈಟ್ ಹಾಕುತ್ತದೆ.

ಬ್ಯಾಟರಿ ವೈರ್ ಬಿಚ್ಚಿದ್ದರೆ ಇನ್ನೊಂದು ಸಂಗತಿ. ಸ್ಟೀರಿಂಗ್ ಎಷ್ಟು ತಿರುಗಿದೆ ಅನ್ನುವ ಸೆನ್ಸರ್ ತನ್ನ ನಡುಬಿಂದು ಮರೆತಿರಬಹುದು. ಇಎಸ್‌ಪಿ ಲೈಟ್ ಉರಿಯುತ್ತದೆ. ಎಂಜಿನ್ ಆನ್ ಮಾಡಿ, ಸ್ಟೀರಿಂಗನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ, ನೇರ ಮಾಡಿ. ಟೆಸ್ಟ್ ಡ್ರೈವಿನಲ್ಲಿ ನೇರ ರಸ್ತೆಯಲ್ಲಿ ಸ್ವಲ್ಪ ಓಡಿಸಿದರೆ ಬಹಳ ಕಾರುಗಳಲ್ಲಿ ಆರುತ್ತದೆ. ಕೆಲವಕ್ಕೆ ಸ್ಕ್ಯಾನರ್, ಅಂದರೆ ಕಾರಿನ ಕಂಪ್ಯೂಟರ್ ಬರೆದಿಟ್ಟ ಫಾಲ್ಟ್ ಕೋಡ್ ಓದುವ ಸಾಧನ, ಬೇಕು.

ಹೆಜ್ಜೆ 8: ಈಗ ಸ್ಕ್ಯಾನರ್

ಇಷ್ಟೂ ನೋಡಿದ ಮೇಲೆ ಲೈಟ್ ಉಳಿದರೆ ಸ್ಕ್ಯಾನರ್ ಹಾಕಿಸಿ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಇಎಲ್‌ಎಂ327 ಸಾಧನ ಸಾಮಾನ್ಯವಾಗಿ ಎಂಜಿನ್ ಕೋಡ್ ಮಾತ್ರ ಓದುತ್ತದೆ. ಬ್ರೇಕಿನ ಕೋಡ್‌ಗಳು ಸಿ ಅಕ್ಷರದಿಂದ ಶುರುವಾಗುವವು, ಅಂದರೆ ಶಾಸಿಯವು. 'ಸ್ಕ್ಯಾನ್ ಮಾಡಿದೆ, ಏನೂ ಇಲ್ಲ' ಅಂದವರನ್ನು ಎಬಿಎಸ್ ಮಾಡ್ಯೂಲ್ ಓದಿದಿರಾ ಅಂತ ಕೇಳಿ. ಅಳಿಸುವ ಮುಂಚೆ ಕೋಡನ್ನು ಬರೆದುಕೊಳ್ಳಿ. ಇದನ್ನು ಒತ್ತಿ ಹೇಳುತ್ತೇನೆ, ಅಳಿಸಿದ ಕೋಡ್ ಜೊತೆಗೆ ಸುಳಿವೂ ಹೋಗುತ್ತದೆ. ಬರೆದು, ಅಳಿಸಿ, ಓಡಿಸಿ. ಅದೇ ಕೋಡ್ ಮತ್ತೆ ಬಂದರೆ ಮಾತ್ರ ಅದು ನಿಜವಾದ ಫಾಲ್ಟ್. ಬರದೇ ಇದ್ದರೆ ಕೆಲಸದ ಸಮಯದಲ್ಲಿ ಬಂದು ಉಳಿದದ್ದು.

ಡಬ್ಬಿ ಪೂರ್ತಿ ಖಾಲಿಯಾಗಿ ಏರ್ ಎಳೆದಿದ್ದರೆ ಸ್ಕ್ಯಾನರಿಗೆ ಇನ್ನೂ ಒಂದು ಕೆಲಸ ಇದೆ. ಎಬಿಎಸ್ ಯೂನಿಟ್ ಒಳಗೆ ಸಾಮಾನ್ಯ ಹೊತ್ತಿನಲ್ಲಿ ಮುಚ್ಚಿಕೊಂಡಿರುವ ವಾಲ್ವ್‌ಗಳಿವೆ. ಅದರ ಹಿಂದೆ ಸಿಕ್ಕಿದ ಏರ್ ಎಷ್ಟು ಪೆಡಲ್ ತುಳಿದರೂ ಬರುವುದಿಲ್ಲ. ಸ್ಕ್ಯಾನರಿನಿಂದ ಪಂಪ್ ಮತ್ತು ವಾಲ್ವ್ ಓಡಿಸಿ, ಆಮೇಲೆ ಮತ್ತೆ ಮಾಮೂಲಿಯಾಗಿ ಬ್ಲೀಡ್ ಮಾಡಬೇಕು. ಮೂರು ಸಲ ಬ್ಲೀಡ್ ಮಾಡಿದರೂ ಪೆಡಲ್ ಸ್ಪಂಜ್ ಇದ್ದರೆ ನಾಲ್ಕನೇ ಬಾಟಲ್ ಆಯಿಲ್ ಕೊಳ್ಳುವ ಬದಲು ಇದಕ್ಕೆ ದುಡ್ಡು ಕೊಡಿ.

ಎಬಿಎಸ್ಸೇ ಇಲ್ಲದ ಹಳೇ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರೂ ಮೈಸೂರಿನಲ್ಲಿ ಇದ್ದಾರೆ. ಅಂಥ ಕೆಲವು ಬ್ರಿಟಿಷ್, ಅಮೆರಿಕನ್ ಕಾರುಗಳಲ್ಲಿ ಮುಂದಿನ ಮತ್ತು ಹಿಂದಿನ ಪೈಪುಗಳ ನಡುವೆ ಒಂದು ಸಣ್ಣ ಪಿಸ್ಟನ್ ಇರುತ್ತದೆ. ಒಂದು ಕಡೆಯ ನಿಪ್ಪಲ್ ತೆರೆದಾಗ ಒತ್ತಡ ಏರುಪೇರಾಗಿ ಪಿಸ್ಟನ್ ಆ ಕಡೆಗೆ ಸರಿದು ಲೈಟ್ ಹಚ್ಚುತ್ತದೆ, ಅಲ್ಲೇ ಕೂತುಬಿಡುತ್ತದೆ. ಹಿಂದಿನ ಬ್ರೇಕ್ ಬ್ಲೀಡ್ ಮಾಡುವಾಗ ಬಂದ ಲೈಟಾದರೆ ಮುಂದಿನ ಒಂದು ನಿಪ್ಪಲ್ ತೆರೆದು ಪೆಡಲನ್ನು ತುಂಬಾ ಮೆಲ್ಲಗೆ ಒತ್ತಿ. ಲೈಟ್ ಆರಿದ ಕ್ಷಣ ನಿಪ್ಪಲ್ ಬಿಗಿ ಮಾಡಿ. ಜೋರಾಗಿ ಒತ್ತಿದರೆ ಪಿಸ್ಟನ್ ನಡುವನ್ನು ದಾಟಿ ಇನ್ನೊಂದು ಕಡೆಗೆ ಹೋಗುತ್ತದೆ.

ಹೆಜ್ಜೆ 9: ಟೆಸ್ಟ್ ಡ್ರೈವ್

ಕೆಂಪು ಲೈಟ್ ಆರಿರಬೇಕು, ಪೆಡಲ್ ಗಟ್ಟಿಯಾಗಿರಬೇಕು. ಎರಡೂ ಆದರೆ ಮಾತ್ರ ಗೇಟಿನ ಹೊರಗೆ. ಬೆಳಗ್ಗೆ ಆರು ಗಂಟೆಗೆ ಹೊರಡಿ. ಮನೆ ಮುಂದೆಯೇ ನಡಿಗೆಯ ವೇಗದಲ್ಲಿ ನಾಲ್ಕು ಸಲ ನಿಲ್ಲಿಸಿ ನೋಡಿ. ಆಮೇಲೆ ಖಾಲಿ ನೇರ ರಸ್ತೆಯಲ್ಲಿ 30, ಆಮೇಲೆ 50. ಹಿಂದೆ ಯಾರೂ ಇಲ್ಲ ಅಂತ ಕನ್ನಡಿ ನೋಡಿಕೊಂಡು ಪ್ರತಿ ಸಲ ಸ್ವಲ್ಪ ಜಾಸ್ತಿ ಜೋರಾಗಿ ತುಳಿಯಿರಿ. ಕಾರು ಒಂದು ಕಡೆಗೆ ಎಳೆಯಬಾರದು. ಹೊರಟ ಸ್ವಲ್ಪದರಲ್ಲೇ ಸುಮಾರು 15–20 ಕಿಲೋಮೀಟರ್ ವೇಗದಲ್ಲಿ ಕಾಲಡಿ 'ಗುರ್' ಅಂತ ಸಣ್ಣ ಸದ್ದು ಕೇಳಿಸಿದರೆ ಹೆದರಬೇಡಿ. ಬಹಳ ಕಾರುಗಳಲ್ಲಿ ಎಬಿಎಸ್ ತನ್ನನ್ನು ತಾನು ಪರೀಕ್ಷೆ ಮಾಡಿಕೊಳ್ಳುವ ಸದ್ದು ಅದು.

ಬೆಂಗಳೂರು ಎಕ್ಸ್‌ಪ್ರೆಸ್‌ವೇ ಮೇಲೆ ಮೊದಲ ದಿನವೇ ಹೋಗಬೇಡಿ. ಅಲ್ಲಿ ಕಾರಿನ ವೇಗದ ಮಿತಿ 100. ಆ ವೇಗದಲ್ಲಿ ತಪ್ಪು ಗೊತ್ತಾದರೆ ಸರಿ ಮಾಡಿಕೊಳ್ಳಲು ಸಮಯ ಇರುವುದಿಲ್ಲ. ಚಾಮುಂಡಿ ಬೆಟ್ಟಕ್ಕೂ ಒಂದು ವಾರ ಬಿಟ್ಟು ಹೋಗಿ, ಇಳಿಯುವಾಗ ಎರಡನೇ ಗೇರಿನಲ್ಲಿ ಇಳಿಯಿರಿ.

ಮನೆಗೆ ಬಂದ ಮೇಲೆ ಕಾರು ತಣ್ಣಗಾಗಲಿ. ನಿಪ್ಪಲ್‌ಗಳ ಸುತ್ತ ಒದ್ದೆ ಇದೆಯಾ ನೋಡಿ, ರಬ್ಬರ್ ಟೋಪಿಗಳನ್ನು ಹಾಕಿ. ಚಕ್ರದ ಬೋಲ್ಟ್‌ಗಳನ್ನು ಟಾರ್ಕ್ ರೆಂಚಿನಲ್ಲಿ ಇನ್ನೊಮ್ಮೆ ನೋಡಿ. ಡಬ್ಬಿಯ ಮಟ್ಟಕ್ಕೆ ಒಂದು ಗೆರೆ ಹಾಕಿ, ಮಾರನೇ ದಿನ ಹೋಲಿಸಿ. ತೆಗೆದ ಹಳೇ ಆಯಿಲನ್ನು ಚರಂಡಿಗೆ ಸುರಿಯಬೇಡಿ, ಬಾಟಲಿಯಲ್ಲಿ ಮುಚ್ಚಿ, ಹಳೇ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ಉಳಿದ ಹೊಸ ಆಯಿಲನ್ನೂ ಮುಂದಿನ ವರ್ಷಕ್ಕೆ ಅಂತ ಇಡಬೇಡಿ. ತೆರೆದ ಬಾಟಲ್ ಕಪಾಟಿನಲ್ಲಿ ಕೂತೇ ತೇವ ಹೀರುತ್ತದೆ.

ಕೊನೆಗೆ ಒಂದು ಚೀಟಿಯಲ್ಲಿ ತಾರೀಖು, ಮೀಟರ್ ರೀಡಿಂಗ್, ಆಯಿಲಿನ ಡಾಟ್ ನಂಬರ್ ಬರೆದು ಬಾನೆಟ್ ಒಳಗೆ ಅಂಟಿಸಿ. ಯಾವ ಯಾವ ಪ್ಲಗ್ ಬಿಚ್ಚಿದಿರಿ ಅನ್ನುವುದನ್ನೂ ಅದರ ಕೆಳಗೇ ಬರೆಯಿರಿ.